ಉಪ್ಪು ಬಿಟ್ಟ ತಿಂಗಳು

ಸನತ್‌ನಗರ, ಹೈದರಾಬಾದ್
3 ಮಾರ್ಚ್ 2024

ಸ್ನೇಹಾ,

ನಾನು ಚೆನ್ನಾಗಿದ್ದೇನೆ. ನನ್ನ ಮಾತನ್ನು ನಂಬಬೇಕಾಗಿಲ್ಲ, ರಕ್ತದ ರಿಪೋರ್ಟಿನ ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ನಾನು ನುಂಗುವ ಗುಳಿಗೆಯ ಲಿಥಿಯಂ 0.8. ಇರಬೇಕಾದಷ್ಟೇ ಇದೆ ಎಂದು ಡಾಕ್ಟರು ಹೇಳಿದರು.

ನಮ್ಮ ಮನೆಯಿಂದ ನಿನ್ನ ಹಬ್ಸಿಗುಡಾ ಹಾಸ್ಟೆಲಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ಕಾಗದಕ್ಕೆ ಮೂರು ದಿನ. ಪೋಸ್ಟಾಫೀಸಿನಲ್ಲಿ ವಿಳಾಸ ನೋಡಿದ ಹೆಣ್ಣುಮಗಳು "ಇದೇ ಊರಲ್ಲವೇ, ಫೋನ್ ಇಲ್ಲವೇ?" ಎಂದು ತೆಲುಗಿನಲ್ಲಿ ಕೇಳಿದಳು. ಫೋನು ಬೇಡ ಎಂದವಳು ನನ್ನ ಮಗಳೇ ಎಂದು ಅವಳಿಗೆ ಹೇಗೆ ಹೇಳಲಿ? ಸ್ಟಾಂಪು ಹಚ್ಚಿ ಬಂದೆ.

ನಿನ್ನ ಕರಾರು ನನಗೆ ಬಾಯಿಪಾಠ. ಫೋನು ಬೇಡ, ಭೇಟಿ ಬೇಡ, ಕಾಗದ ಮಾತ್ರ. ದೀಪಾವಳಿಯಿಂದ ದೀಪಾವಳಿಗೆ ಒಂದು ವರ್ಷ ಗುಳಿಗೆ ತಪ್ಪದೆ ನುಂಗಿದರೆ ನೀನು ಮನೆಗೆ ಬರುತ್ತೀ. ಈ ಕರಾರಿನ ಬಗ್ಗೆ ನನ್ನ ತಕರಾರಿಲ್ಲ. ಅಕ್ಟೋಬರಿನಲ್ಲಿ ಎಂಟು ಕಿಲೋ ಜಿಲೇಬಿ ಹೊತ್ತುಕೊಂಡು ನಿನ್ನ ಲ್ಯಾಬಿಗೆ ಬಂದವನು ನಾನು. ನನ್ನ ಮಗಳು ಹುಚ್ಚಿಗೆ ಔಷಧ ಕಂಡುಹಿಡಿದಿದ್ದಾಳೆ ಎಂದು ಗೇಟಿನವನಿಂದ ಹಿಡಿದು ಡೈರೆಕ್ಟರವರೆಗೆ ಹೇಳಿಕೊಂಡು ಬಂದವನು ನಾನು. ನೀನು ಜೀವಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದು ಬಟ್ಟಲುಗಳನ್ನು ಕೈಯಲ್ಲಿ ಹಿಡಿದು ಕುಣಿದವನೂ ನಾನೇ. ಅದಕ್ಕೂ ಮುಂಚೆ ಹತ್ತು ದಿನ ಕಣ್ಣು ಮುಚ್ಚಿರಲಿಲ್ಲ, ನಿದ್ದೆ ಬೇಕು ಅಂತಲೂ ಅನಿಸಿರಲಿಲ್ಲ. ಕಾರಣ ಹೇಳುತ್ತಿದ್ದೇನೆ ಅಷ್ಟೇ, ತಪ್ಪಿಸಿಕೊಳ್ಳುತ್ತಿಲ್ಲ.

ನಮ್ಮ ಅಕ್ಕ, ನಿನ್ನ ಅತ್ತೆ, ಚೆನ್ನಾಗಿದ್ದಾಳೆ. ನಿನ್ನ ಅವ್ವ ತೀರಿಕೊಂಡ ಮೇಲೆ ಅಡುಗೆಮನೆ ಅವಳ ರಾಜ್ಯವಾಗಿತ್ತು, ಈಗ ಇಡೀ ಮನೆ ಅವಳದೇ. ಗುಳಿಗೆಯ ಹೊತ್ತಿಗೆ ಎದುರಿಗೆ ನಿಂತು "ಬಾಯಿ ತಗಿ, ನಾಲಿಗಿ ಎತ್ತು" ಅಂತಾಳೆ. ಐವತ್ತೇಳು ವರ್ಷದ ನಾನು ನಾಲಿಗೆ ಎತ್ತುತ್ತೇನೆ.

ಒಂದು ತಮಾಷೆ. ನಮ್ಮ ವರ್ಕ್‌ಶಾಪಿನಲ್ಲಿ ನಾನು ಕಡೆಯುವ ಡೈ ಅಚ್ಚುಗಳು ಜೀಡಿಮೆಟ್ಲಾದ ಔಷಧ ಕಾರ್ಖಾನೆಗಳಿಗೆ ಹೋಗುತ್ತವೆ. ಅಲ್ಲಿ ಪುಡಿಯನ್ನು ಆ ಡೈಯಲ್ಲಿ ಹಾಕಿ ಗುಳಿಗೆ ಒತ್ತುತ್ತಾರೆ. ನಾನೇ ಕಡೆದ ಡೈಯಿಂದ ಎದ್ದ ಗುಳಿಗೆ ನನ್ನ ಬಾಯಿಗೇ ಬಂದಿದ್ದರೂ ಬಂದಿರಬಹುದು. ಅಂಚು ನೋಡಿದೆ, ಕೆಲಸ ಶುದ್ಧವಾಗಿದೆ.

ನಿನ್ನ ಅಪ್ಪ,
ಕಲ್ಯಾಣಪ್ಪ

~

ಹಬ್ಸಿಗುಡಾ
14 ಮಾರ್ಚ್ 2024

ಅಪ್ಪಾ,

ರಿಪೋರ್ಟು ಸಿಕ್ಕಿತು. ಮುಂದಿನ ಸಲ ತಾರೀಖು ಕಾಣುವ ಹಾಗೆ ಜೆರಾಕ್ಸ್ ಮಾಡಿಸಿ.

ನಾನು ಯಾವ ಔಷಧವನ್ನೂ ಕಂಡುಹಿಡಿದಿಲ್ಲ. ನಾನು ಟೆಕ್ನಿಶಿಯನ್. ಇಲಿಮರಿಯ ನರದ ಜೀವಕೋಶಗಳನ್ನು ಬಟ್ಟಲಿನಲ್ಲಿ ಬೆಳೆಸುತ್ತೇನೆ, ದೊಡ್ಡವರು ಹೇಳಿದ ಔಷಧ ಹಾಕುತ್ತೇನೆ, ಮೈಕ್ರೋಸ್ಕೋಪಿನಲ್ಲಿ ಅಳೆಯುತ್ತೇನೆ. ನೀವು ತೆಗೆದ ಬಾಗಿಲಿನ ಹಿಂದೆ ಮೂವತ್ತಾರು ಬಟ್ಟಲುಗಳಿದ್ದವು, ಮೂರು ತಿಂಗಳ ಕೆಲಸ. ಅವತ್ತು ಸಂಜೆಯೊಳಗೆ ಎಲ್ಲದಕ್ಕೂ ಬೂಷ್ಟು ತಗುಲಿತು. ನಾನು ಡೈರೆಕ್ಟರರ ಮುಂದೆ ನಿಂತು, ಇವರು ನಮ್ಮ ತಂದೆ, ಇವರಿಗೆ ಮನಸ್ಸು ಹದ ಮೀರಿ ಏರಿಳಿಯುವ ಕಾಯಿಲೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಕೆಲಸ ಉಳಿಯಿತು. ಅವರು ಒಳ್ಳೆಯವರು.

ನನಗೆ ಇನ್ನೂ ಸಿಟ್ಟಿದೆ. ಬಟ್ಟಲುಗಳದ್ದಲ್ಲ, ಅವನ್ನು ಮತ್ತೆ ಬೆಳೆಸಿದೆ. ಕಾಯಿಲೆ ಇದೆ ಎಂದು ಗೊತ್ತಿದ್ದೂ ಇಪ್ಪತ್ತು ವರ್ಷ ಡಾಕ್ಟರ ಹತ್ತಿರ ಹೋಗದೆ ಎಲ್ಲವನ್ನೂ ಅವ್ವನ ಮೇಲೆ ಬಿಟ್ಟಿರಲ್ಲ, ಆ ಸಿಟ್ಟು.

ಅತ್ತೆಗೆ ನಮಸ್ಕಾರ ಹೇಳಿ.

ಸ್ನೇಹಲತಾ

~

ಸನತ್‌ನಗರ
28 ಏಪ್ರಿಲ್ 2024

ಸ್ನೇಹಾ,

ನಿನ್ನ ಸಿಟ್ಟು ಸರಿಯಾದದ್ದೇ. ಇಷ್ಟು ಒಪ್ಪಿಕೊಂಡು ಬರೆಯಲು ಆರು ವಾರ ಹಿಡಿಯಿತು.

ಈಗ ಒಂದು ಕಷ್ಟ ಹೇಳಬೇಕಾಗಿದೆ. ನನ್ನ ಕೈ ನಡುಗುತ್ತಿದೆ. ಚಹಾದ ಕಪ್ಪು ಹಿಡಿಯಲು ತೊಂದರೆಯಿಲ್ಲ, ಕಾಗದ ಬರೆಯಲೂ ಇಲ್ಲ. ಆದರೆ ಡೈ ಕೆಲಸ ಅಂದರೆ ಕೂದಲೆಳೆಯ ಹತ್ತನೇ ಒಂದು ಪಾಲಿನ ಲೆಕ್ಕ. ಹೋದ ತಿಂಗಳು ನನ್ನ ಕೈಯಲ್ಲಿ ಮೂರು ಡೈ ಕೆಟ್ಟವು. ಮೂವತ್ತೊಂದು ವರ್ಷದಲ್ಲಿ ಒಟ್ಟು ಅಷ್ಟು ಕೆಟ್ಟಿರಲಿಕ್ಕಿಲ್ಲ. ನಮ್ಮ ಮಾಲೀಕ ವಿಜಯಕುಮಾರ ಬೀದರ ಕಡೆಯ ಮನುಷ್ಯ, ಮರ್ಯಾದೆಯಿಂದಲೇ ಹೇಳಿದ: "ಕಲ್ಯಾಣಪ್ಪನವರ, ಲೇಥ್ ಸಾಕ್ರಿ. ಇನ್ನ ಚೆಕಿಂಗ್ ಟೇಬಲಿಗಿ ಕೂಡ್ರಿ." ಈಗ ನಾನು ಡೈ ಕಡೆಯುತ್ತಿದ್ದ ಲೇಥಿನ ಮೇಲೆ ಬೇರೆಯವನು ಕೆಲಸ ಮಾಡುತ್ತಾನೆ. ನಾನು ಅವನು ಮಾಡಿದ್ದನ್ನು ಅಳೆದು ಸರಿ, ತಪ್ಪು ಎಂದು ಟಿಕ್ ಹಾಕುತ್ತೇನೆ.

ಮೊದಲು ಲೇಥಿನ ಸದ್ದು ಕೇಳಿಯೇ ಉಳಿ ಎಲ್ಲಿ ಕಚ್ಚುತ್ತಿದೆ ಎಂದು ಹೇಳುತ್ತಿದ್ದೆ. ಈಗ ಸದ್ದು ಬರೀ ಸದ್ದು. ತಲೆಯ ಮೇಲೆ ಯಾರೋ ಒದ್ದೆ ಟವೆಲ್ ಹಾಕಿದ ಹಾಗಿರುತ್ತದೆ.

ನಾಲ್ಕು ದಿನ ಗುಳಿಗೆ ಬಿಟ್ಟರೆ ಕೈ ಸರಿಹೋಗುತ್ತದೆ ಎಂದು ನನಗೆ ಗೊತ್ತು. ಬಿಟ್ಟಿಲ್ಲ. ಬಿಡಬೇಕು ಅನಿಸುತ್ತಿದೆ ಎಂದು ಹೇಳುತ್ತಿದ್ದೇನೆ. ಈ ಬಿಳಿ ಗುಳಿಗೆ ನನ್ನ ತಲೆಯೊಳಗೆ ಹೋಗಿ ಮಾಡುವುದಾದರೂ ಏನು? ನೀನು ದಿನವೂ ಅದನ್ನೇ ನೋಡುವವಳು. ನನಗೆ ತಿಳಿಯುವ ಹಾಗೆ ಹೇಳು. ತಿಳಿದರೆ ನುಂಗಲು ಸುಲಭ.

ಅಪ್ಪ

~

ಹಬ್ಸಿಗುಡಾ
5 ಮೇ 2024

ಅಪ್ಪಾ,

ಬಿಡಬೇಡಿ. ಮೊದಲು ಇದನ್ನು ಬರೆದು ಆಮೇಲೆ ಉಳಿದದ್ದು.

ನರದ ಜೀವಕೋಶ ಬಟ್ಟಲಿನಲ್ಲಿ ಕೂತ ಮೇಲೆ ಒಂದು ಎಳೆಯನ್ನು ಹೊರಗೆ ಚಾಚುತ್ತದೆ. ಎಳೆಯ ತುದಿ ಅಂಗೈಯ ಹಾಗೆ ಅಗಲವಾಗಿರುತ್ತದೆ, ಸುತ್ತ ಸಣ್ಣ ಬೆರಳುಗಳು. ಕತ್ತಲ ಕೋಣೆಯಲ್ಲಿ ಸ್ವಿಚ್ಚು ಹುಡುಕುವಾಗ ನಾವು ಗೋಡೆ ತಡವುತ್ತೇವಲ್ಲ, ಅದು ಹಾಗೇ ತಡವುತ್ತ ಮುಂದೆ ಹೋಗಿ ಇನ್ನೊಂದು ಜೀವಕೋಶವನ್ನು ಸೇರುತ್ತದೆ. ನನ್ನ ಕೆಲಸ ಈ ಅಂಗೈಯ ವಿಸ್ತಾರ ಅಳೆಯುವುದು. ಲಿಥಿಯಂ ಹಾಕದ ಬಟ್ಟಲಿನಲ್ಲಿ ಅದು ಚಿಕ್ಕದು. ಲಿಥಿಯಂ ಹಾಕಿ ಒಂದು ದಿನ ಬಿಟ್ಟು ನೋಡಿದರೆ ಅಗಲವಾಗಿ ಹರಡಿರುತ್ತದೆ. ಇದೇ ಕಾಯಿಲೆಗೆ ಕೊಡುವ ಬೇರೆ ಎರಡು ಔಷಧಗಳಿವೆ. ಅವುಗಳ ಜಾತಿಯೇ ಬೇರೆ, ಲಿಥಿಯಂಗೂ ಅವಕ್ಕೂ ಯಾವ ನಂಟೂ ಇಲ್ಲ. ಆದರೂ ಬಟ್ಟಲಿನಲ್ಲಿ ಮೂರೂ ಮಾಡುವುದು ಒಂದೇ ಕೆಲಸ.

ಯಾಕೆ ಎಂದರೆ, ಜೀವಕೋಶದಲ್ಲಿ ಇನೋಸಿಟಾಲ್ ಎಂಬ ಸಕ್ಕರೆಯಂಥ ವಸ್ತು ಇರುತ್ತದೆ. ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸಲು ಅದು ಬೇಕು. ಬಳಸಿದ್ದನ್ನೇ ಜೀವಕೋಶ ಮತ್ತೆ ಮತ್ತೆ ತಯಾರು ಮಾಡಿಕೊಳ್ಳುತ್ತದೆ. ಲಿಥಿಯಂ ಆ ಮರುತಯಾರಿಗೆ ಅಡ್ಡ ಬರುತ್ತದೆ. ಆಗ ಸುದ್ದಿ ನಿಲ್ಲುವುದಿಲ್ಲ, ಸುದ್ದಿಯ ಗದ್ದಲ ಇಳಿಯುತ್ತದೆ. ನಾವು ಬಟ್ಟಲಿಗೆ ಮೇಲಿನಿಂದ ಇನೋಸಿಟಾಲ್ ಹಾಕಿದರೆ ಹರಡಿದ ಅಂಗೈ ಮತ್ತೆ ಚಿಕ್ಕದಾಗುತ್ತದೆ. ನಾನೇ ಹಾಕಿದ್ದೇನೆ, ನಾನೇ ನೋಡಿದ್ದೇನೆ.

ಇದು ಇಲಿ, ಇದು ಬಟ್ಟಲು. ನಿಮ್ಮ ತಲೆಯಲ್ಲಿಯೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಇದೊಂದೇ ಕಾರಣವೆಂದು ಹೇಳುವವರು ಯಾರೂ ಇಲ್ಲ. ಗೊತ್ತಿಲ್ಲದ್ದೇ ಜಾಸ್ತಿ.

ಇನ್ನೊಂದು ಮಾತು. ಲಿಥಿಯಂ ಹೆಚ್ಚಾಗಿ ಬಿದ್ದ ಬಟ್ಟಲುಗಳನ್ನೂ ನೋಡಿದ್ದೇನೆ. ಎಳೆಗಳು ತುಂಡಾಗಿರುತ್ತವೆ, ಜೀವಕೋಶಗಳು ಗುಂಡಗಾಗಿ ಸತ್ತಿರುತ್ತವೆ. ರಕ್ತದಲ್ಲಿ 0.6ರಿಂದ 1.0 ಔಷಧ, ಒಂದೂವರೆ ದಾಟಿದರೆ ವಿಷ. ಅಷ್ಟು ಕಿರಿದಾದ ದಾರಿ. ಆದ್ದರಿಂದ ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ. ಕೈ ನಡುಗುವುದನ್ನು ಡಾಕ್ಟರಿಗೆ ಹೇಳಿ, ಅದಕ್ಕೆ ಉಪಾಯವಿದೆ.

ಲೇಥಿನ ವಿಷಯ ಓದಿ ನನಗೆ ಬಹಳ ಕೆಟ್ಟದೆನಿಸಿತು.

ಸ್ನೇಹಲತಾ

~

ಸನತ್‌ನಗರ
30 ಜೂನ್ 2024

ಸ್ನೇಹಾ,

ನಿನ್ನ ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಕಾಳು ಆರಿಸುತ್ತ ಪೂರ್ತಿ ಕೇಳಿ, "ಇಲಿಮರಿ ತಲಿ ನೋಡಿ ನಿನ್ನ ತಲಿ ಹೆಂಗದ ಅಂತ ಹೇಳಾಕತ್ತಾಳೇನು ಆಕಿ? ಇರಲಿ, ಶಾಣ್ಯಾಕಿದ್ದಾಳ" ಎಂದಳು. ಅವಳ ಬಾಯಿಂದ ಇಷ್ಟು ಹೊಗಳಿಕೆ ನನಗೆ ಈ ಜನ್ಮದಲ್ಲಿ ಸಿಕ್ಕಿಲ್ಲ.

ಕಿರಿದಾದ ದಾರಿ ಎಂದು ಬರೆದೆಯಲ್ಲ, ಅದು ನನಗೆ ಚೆನ್ನಾಗಿ ತಿಳಿಯಿತು. ಡೈ ಕೆಲಸದಲ್ಲಿ ಅದಕ್ಕೆ ಟಾಲರೆನ್ಸ್ ಎನ್ನುತ್ತೇವೆ. ಈ ಕಡೆ ಇಷ್ಟು, ಆ ಕಡೆ ಇಷ್ಟು, ಅದರಾಚೆ ಹೋದ ಮಾಲು ಗುಜರಿಗೆ.

ಡಾಕ್ಟರು ಗುಳಿಗೆಯನ್ನು ಸ್ವಲ್ಪ ಇಳಿಸಿದರು. ಲಿಥಿಯಂ ಈಗ 0.7. ಕೈ ನಡುಕ ಅರ್ಧಕ್ಕರ್ಧ ಕಡಿಮೆ. ದೊಡ್ಡ ಕೆಲಸಗಳಿಗೆ ವಿಜಯಕುಮಾರ ಮತ್ತೆ ಲೇಥ್ ಕೊಟ್ಟಿದ್ದಾನೆ. ನೀರು ಚೆನ್ನಾಗಿ ಕುಡಿಯಿರಿ, ನೋವಿನ ಗುಳಿಗೆ ತಗೋಬೇಡಿ, ಊಟದಲ್ಲಿ ಉಪ್ಪು ಹೆಚ್ಚೂ ಮಾಡಬೇಡಿ, ಕಡಿಮೆಯೂ ಮಾಡಬೇಡಿ ಎಂದು ಡಾಕ್ಟರ ಉಪದೇಶವಾಯಿತು. ಎಲ್ಲಕ್ಕೂ ಹೂಂ ಎಂದೆ.

ದೀಪಾವಳಿಗೆ ಇನ್ನು ನಾಲ್ಕು ತಿಂಗಳು. ನಾನು ದಿನ ಎಣಿಸುತ್ತಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಎಣಿಸುತ್ತಿದ್ದೇನೆ.

ಅಪ್ಪ

~

ಹಬ್ಸಿಗುಡಾ
16 ಜುಲೈ 2024

ಅಪ್ಪಾ,

0.7 ನೋಡಿ ನಾನು ಲ್ಯಾಬಿನಲ್ಲಿಯೇ ಕೂತು ಒಂದು ಚಹಾ ಜಾಸ್ತಿ ಕುಡಿದೆ.

ನಾನು ಬರದಿರುವುದಕ್ಕೆ ಸಿಟ್ಟೊಂದೇ ಕಾರಣ ಎಂದು ನೀವು ತಿಳಿದಿದ್ದೀರಿ. ಅದು ಅರ್ಧ ನಿಜ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನೀವು ಒಂದು ವಾರ ಕೆಲಸಕ್ಕೆ ಹೋಗದೆ ನನ್ನನ್ನೂ ಶಾಲೆಗೆ ಕಳಿಸದೆ ದಿನಕ್ಕೊಂದು ಕಡೆ ಕರೆದುಕೊಂಡು ಹೋದಿರಿ. ಬೇಗಂಪೇಟೆಯ ವಿಮಾನ ನಿಲ್ದಾಣದ ಗೋಡೆಯ ಹೊರಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಇಳಿಯುವ ಒಂದೊಂದು ವಿಮಾನಕ್ಕೂ ಒಂದೊಂದು ಹೆಸರಿಟ್ಟಿರಿ. ಮನೆಯಲ್ಲಿ ಅವ್ವ ಅಳುತ್ತಿದ್ದಳು. ನನಗೆ ಮಾತ್ರ ಅದಕ್ಕಿಂತ ಒಳ್ಳೆಯ ವಾರ ಇನ್ನೊಂದಿಲ್ಲ. ಅದಾದ ಮೇಲೆ ನೀವು ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದಿರಿ.

ನೀವು ಏರಿದಾಗ ನನಗೆ ಖುಷಿಯಾಗುತ್ತಿತ್ತು. ನನ್ನ ಹೆದರಿಕೆ ಅದೇ. ಗುಳಿಗೆ ನುಂಗುವ ಅಪ್ಪನ ಪರಿಚಯ ನನಗಿನ್ನೂ ಇಲ್ಲ. ಅವರು ನನಗೆ ಇಷ್ಟವಾಗದಿದ್ದರೆ ಏನು ಮಾಡಲಿ? ಒಂದು ವರ್ಷ ನಿಮಗಲ್ಲ, ನನಗೆ ಬೇಕಾಗಿತ್ತು.

ಮುಂಚೆ ಬಾ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಬಂದುಬಿಡುತ್ತೇನೆ.

ಸ್ನೇಹಲತಾ

~

ಸನತ್‌ನಗರ
11 ಆಗಸ್ಟ್ 2024

ಸ್ನೇಹಾ,

ನಿನ್ನ ಕಾಗದವನ್ನು ಅಕ್ಕನಿಗೆ ಓದಿ ಹೇಳಲಿಲ್ಲ. ನಾನೇ ನಾಲ್ಕು ಸಲ ಓದಿದೆ.

ಮುಂಚೆ ಬಾ ಎಂದು ನಿನ್ನನ್ನು ಕೇಳುವುದಿಲ್ಲ. ಕೇಳಬೇಕಾದ ಕಡೆ ಕೇಳಿದ್ದೇನೆ. ಸೋಮವಾರ ಶ್ರಾವಣ ಹಿಡಿಯಿತು. ಅವತ್ತೇ ಮುಂಜಾನೆ ಸ್ನಾನ ಮಾಡಿ, ಅಕ್ಕನ ಎದುರು ಶರಣಬಸಪ್ಪನಿಗೆ ಒಂದು ಹರಕೆ ಹೊತ್ತೆ. ತಿಂಗಳು ಪೂರ್ತಿ. ಏನು ಎಂದು ಕೇಳಬೇಡ. ಹರಕೆ ಮುಗಿಯುವ ಮುಂಚೆ ಬಾಯಿ ಬಿಟ್ಟರೆ ಫಲ ಸಿಗುವುದಿಲ್ಲ ಎಂದು ಅಕ್ಕನ ಕಟ್ಟಪ್ಪಣೆ. ನಿನಗೂ ಡಾಕ್ಟರಿಗೂ ಅದೇ ಉತ್ತರ.

ಪಕ್ಕದ ಕೋಣೆಯ ತಾಯಪ್ಪ ಗೊತ್ತಲ್ಲ, ಯಾದಗಿರಿ ಕಡೆಯ ಗೌಂಡಿ, ಗಾರೆ ಕೆಲಸದವ. ಇವತ್ತು ರಜೆ ಎಂದು ನಮ್ಮಲ್ಲಿ ಊಟಕ್ಕೆ ಕೂತಿದ್ದ. ಎರಡು ತುತ್ತು ತಿಂದು, "ಯಾಕ್ರಿ ಅಮ್ಮಾರ, ಪಲ್ಯಾ ಒಲಿ ಮ್ಯಾಲಿಂದ ಹಂಗ ಇಳಿಸೀರೇನು? ರುಚೀನ ಇಲ್ಲ" ಎಂದ. ಅಕ್ಕ ಅವನ ಬಾಯಿ ಮುಚ್ಚಿಸಿದಳು.

ನಾಲ್ಕು ದಿನದಿಂದ ಹೊಟ್ಟೆ ತೊಳಸುತ್ತಿದೆ. ಮಳೆಗಾಲದ ನೀರು ಇರಬೇಕು. ಗುಳಿಗೆ ಒಂದು ಹೊತ್ತೂ ತಪ್ಪಿಸಿಲ್ಲ.

ಅಪ್ಪ

~

ಸನತ್‌ನಗರ
21 ಆಗಸ್ಟ್

ಸ್ನೇಹಾ,

ಪೆನ್ನು ಸರಿಯಿಲ್ಲ. ಗೆರೆಯ ಮೇಲೆ ನಿಲ್ಲುತ್ತಿಲ್ಲ. ಭೇದಿ ಐದು ದಿನ ಆಯಿತು. ಕೆಲಸಕ್ಕೆ ಹೋಗಿಲ್ಲ. ನಿನ್ನೆ ನಡೆಯುವಾಗ ಗೋಡೆ ಹಿಡಿದೆ, ಗೋಡೆ ಈ ಕಡೆ ಬಂತು.

ಗುಳಿಗೆ ಬಿಟ್ಟಿಲ್ಲ. ಅಕ್ಕನೇ ಕೊಡುತ್ತಾಳೆ. ಬಿಟ್ಟಿಲ್ಲ. ವಾಂತಿಯಾದರೆ ಮತ್ತೊಂದು ತಗೊಂಡೆ, ಲೆಕ್ಕ ತಪ್ಪಬಾರದು ಎಂದು.

ನಾಲಿಗೆ ದಪ್ಪ. ತಾಯಪ್ಪ ನಕ್ಕ, ಬೆಳಿಗ್ಗೆಯೇ ಕುಡಿದೀರೇನ್ರಿ ಅಂತ. ಇನ್ನು ಹನ್ನೆರಡು ದಿನ ಇದೆ. ಹನ್ನೆರಡೋ ಹದಿಮೂರೋ. ಆಮೇಲೆ ಹೇಳುತ್ತೇನೆ ಏನು ಎಂದು

ಅಪ್ಪ

~

ಸನತ್‌ನಗರ
12 ಸೆಪ್ಟೆಂಬರ್ 2024

ಸ್ನೇಹಾ,

ಇದು ನನ್ನದೇ ಕೈಬರಹ, ನಿಧಾನವಾಗಿ ಬರೆಯುತ್ತಿದ್ದೇನೆ. ಆಸ್ಪತ್ರೆಯಿಂದ ಬಂದು ಹತ್ತು ದಿನವಾಯಿತು. ರಕ್ತದಲ್ಲಿ ಲಿಥಿಯಂ 2.6 ಇತ್ತಂತೆ. ಎರಡು ಸಲ ಡಯಾಲಿಸಿಸ್ ಮಾಡಿದರಂತೆ. ಕಿಡ್ನಿ ಉಳಿದಿದೆ, ತಲೆಯೂ ಉಳಿದಿದೆ ಎಂದು ಡಾಕ್ಟರು ಹೇಳಿದರು. ಗುಳಿಗೆಯನ್ನು ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಿದ್ದಾರೆ.

ಮೈಯಲ್ಲಿ ಉಪ್ಪು ಕಡಿಮೆಯಾದಾಗ ಕಿಡ್ನಿ ಸಿಕ್ಕಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ಲಿಥಿಯಂ ಅನ್ನೂ ಉಪ್ಪು ಎಂದು ತಿಳಿದು ಹೊರಗೆ ಬಿಡುವುದಿಲ್ಲ ಎಂದು ಡಾಕ್ಟರು ವಿವರಿಸಿದರು. "ಉಪ್ಪು ಕಡಿಮೆ ಮಾಡಬೇಡಿ ಎಂದು ಹೇಳಿದ್ದೆನಲ್ಲ" ಎಂದರು. ಹೇಳಿದ್ದರು. ಅದು ಪಥ್ಯದ ಉಪ್ಪಿನ ಮಾತು ಎಂದುಕೊಂಡಿದ್ದೆ. ಹರಕೆ ಎಂದು ದೇವರಿಗೆ ಬಿಟ್ಟ ಉಪ್ಪು ಮೈಗೆ ತಾಕುತ್ತದೆ ಎಂದು ನನಗೆ ಹೊಳೆಯಲಿಲ್ಲ. ಅಕ್ಕ ದೇವರ ಮುಂದೆ ಕೂತು, "ನಾನ ನನ್ನ ಕೈಲೆ ಸಪ್ಪನ್ನ ಊಟಾ ಹಾಕಿ ಕೊಲ್ಲಾಕ ಹೊಂಟಿದ್ದೆ" ಎಂದು ಅಳುತ್ತಾಳೆ. ಗುಳಿಗೆಯನ್ನು ನಾಲಿಗೆ ಎತ್ತಿಸಿ ನೋಡಿದವಳೂ ಅವಳೇ, ಉಪ್ಪಿಲ್ಲದ ಊಟ ಬಡಿಸಿದವಳೂ ಅವಳೇ. ಎರಡೂ ನನ್ನ ಒಳ್ಳೆಯದಕ್ಕೇ. ನನಗೆ ಅವಳ ಮೇಲೆ ಸಿಟ್ಟಿಲ್ಲ.

ನೀನು ಆಸ್ಪತ್ರೆಗೆ ಬಂದಿದ್ದೆಯಂತೆ. ಐದು ದಿನ ಇದ್ದೆಯಂತೆ. ಅಕ್ಕ ಹೇಳಿದಳು, ತಾಯಪ್ಪ ಹೇಳಿದ, ಪಕ್ಕದ ಮಂಚದವನ ಹೆಂಡತಿಯೂ ಹೇಳಿದಳು. ನನಗೆ ಏನೂ ನೆನಪಿಲ್ಲ. ಶುಕ್ರವಾರ ಮನೆಯಲ್ಲಿ ಅಕ್ಕ ಗಂಜಿ ತಂದದ್ದು ನೆನಪಿದೆ, ಆಮೇಲೆ ಬುಧವಾರ ಕಿಟಕಿ ಕಂಡದ್ದು ನೆನಪಿದೆ. ನಡುವಿನದು ಖಾಲಿ. ನೀನು ಬರಲಿ ಎಂದು ಹರಕೆ ಹೊತ್ತೆ. ನೀನು ಬಂದೆ. ಆದರೆ ನೋಡಲು ನಾನೇ ಇರಲಿಲ್ಲ.

ಬುಧವಾರ ನಾನು ಕಣ್ಣು ಬಿಟ್ಟಾಗ ಕುರ್ಚಿ ಖಾಲಿ ಇತ್ತು. ಯಾಕೆ ಹೋದೆ ಎಂದು ಕೇಳುವುದಿಲ್ಲ. ಆ ಐದು ದಿನದಲ್ಲಿ ನಾನು ಏನಾದರೂ ಮಾತಾಡಿದೆನೇ? ಕೆಟ್ಟದ್ದೇನಾದರೂ ಅಂದೆನೇ? ಅಷ್ಟು ಹೇಳು.

ಅಪ್ಪ

~

ಹಬ್ಸಿಗುಡಾ
16 ಸೆಪ್ಟೆಂಬರ್ 2024

ಅಪ್ಪಾ,

ನಿಮ್ಮ 21ನೇ ತಾರೀಖಿನ ಕಾಗದ ನನಗೆ ಶನಿವಾರ ಮಧ್ಯಾಹ್ನ ಸಿಕ್ಕಿತು. ಕವರಿನ ಮೇಲಿನ ವಿಳಾಸ ನೋಡಿಯೇ ಏನೋ ಆಗಿದೆ ಎಂದು ತಿಳಿಯಿತು. ನಿಮ್ಮ ಅಕ್ಷರ ಡೈಯಲ್ಲಿ ಒತ್ತಿದ ಹಾಗಿರುತ್ತದೆ. ಇದರಲ್ಲಿ ಒಂದು ಅಕ್ಷರವೂ ನೆಟ್ಟಗಿರಲಿಲ್ಲ. ಒಳಗೆ ಏನಿದೆ ಎಂದು ಓದುವ ಮುಂಚೆಯೇ ಅತ್ತೆಗೆ ಫೋನು ಮಾಡಿದೆ. "ಮಲಗ್ಯಾನ, ಎಬ್ಬಿಸಿದ್ರ ಏಳವಲ್ಲ" ಎಂದರು. ಗುಳಿಗೆ ಕೊಡಬೇಡಿ, ತಾಯಪ್ಪನನ್ನು ಕರೆದು ಆಟೋದಲ್ಲಿ ಹಾಕಿಕೊಂಡು ಹೋಗಿ ಎಂದು ಕೂಗಿದೆ. ನಾನು ಇಲ್ಲಿಂದ ನೇರ ಆಸ್ಪತ್ರೆಗೆ ಬಂದೆ. ತಾಯಪ್ಪ ನಿಮ್ಮನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು.

ನೀವು ಮಾತಾಡಿದಿರಿ. ಕೆಟ್ಟದ್ದೇನೂ ಅನ್ನಲಿಲ್ಲ. ಭಾನುವಾರವಿಡೀ ಬರೀ ಗೊಣಗಾಟ, ತಿಳಿಯಲಿಲ್ಲ. ಸೋಮವಾರ ಮಧ್ಯಾಹ್ನ ಕಣ್ಣು ಬಿಟ್ಟು ನನ್ನನ್ನೇ ನೋಡಿದಿರಿ. ನಾನು ಅಪ್ಪಾ ಎಂದು ಕರೆಯುವ ಮುಂಚೆ ನೀವೇ ಮಾತು ತೆಗೆದಿರಿ.

"ಸಿಸ್ಟರ್, ನನ್ನ ಮಗಳು ನರದ ಜೀವಕೋಶ ಬೆಳಸ್ತಾಳ್ರಿ."

ನನ್ನನ್ನು ನರ್ಸ್ ಎಂದುಕೊಂಡಿದ್ದೀರಿ ಎಂದು ತಿಳಿಯಿತು. ಹೌದೇನ್ರಿ ಎಂದೆ.

"ಭಾಳ ಶಾಣ್ಯಾಕಿದ್ದಾಳ್ರಿ. ಆದ್ರ ಆಕಿ ಬರಂಗಿಲ್ಲ. ನಾ ಆಕಿ ಕೆಲಸ ಹಾಳು ಮಾಡೀನಿ. ಇನ್ನಾ ಎರಡು ತಿಂಗಳು ಐತಿ. ಅಷ್ಟರಾಗ ನಾ ಸತ್ರ ಹೆಂಗ್ರಿ?"

"ಸಾಯಂಗಿಲ್ರಿ" ಎಂದೆ.

"ನಾ ಉಪ್ಪು ಬಿಟ್ಟೀನಿ. ಆಕಿಗಿ ಹೇಳಬ್ಯಾಡ್ರಿ."

ಯಾಕೆ ಬಿಟ್ಟಿರಿ ಎಂದು ಕೇಳಿದೆ. "ಮಗಳು ಮನೀಗಿ ಬರ್ಲಿ ಅಂತ" ಎಂದಿರಿ. ಉಪ್ಪಿನ ವಿಷಯ ನನಗೂ ಡಾಕ್ಟರಿಗೂ ಗೊತ್ತಾದದ್ದು ಆಗಲೇ. ದಿನವೂ ಲಿಥಿಯಂ ಅಳೆದು ಹಾಕುವ ನನಗೆ ನಿಮ್ಮ ಶ್ರಾವಣದ ಕಾಗದ ಓದಿದಾಗ ಹೊಳೆಯಬೇಕಾಗಿತ್ತು. ತಾಯಪ್ಪನಿಗೆ ಪಲ್ಯ ರುಚಿಯಿಲ್ಲ ಎಂದು ನೀವು ಬರೆದಿದ್ದಿರಿ, ನಾನು ನಕ್ಕು ಮಡಿಚಿಟ್ಟೆ. ಇದನ್ನು ಅತ್ತೆಗೆ ಹೇಳಿ. ತಪ್ಪು ಅವರೊಬ್ಬರದೇ ಅಲ್ಲ.

ಬುಧವಾರ ಬೆಳಿಗ್ಗೆ ನಿಮ್ಮ ಕಣ್ಣು ತಿಳಿಯಾಗಿತ್ತು. ಈಗ ನನ್ನ ಗುರುತು ಸಿಗುತ್ತದೆ ಎಂದು ನನಗೆ ಗೊತ್ತಾಯಿತು. ರಿಪೋರ್ಟು ತರುತ್ತೇನೆ ಎಂದು ಅತ್ತೆಗೆ ಹೇಳಿ ಕೆಳಗೆ ಬಂದೆ, ಬಸ್ಸು ಹತ್ತಿದೆ. ಐದು ದಿನ ನಿಮ್ಮ ಮೈ ಒರೆಸಿದವಳಿಗೆ ನಿಮ್ಮ ಮುಖ ನೋಡಲು ಧೈರ್ಯ ಬರಲಿಲ್ಲ. ನನಗೆ ಅದರ ನಾಚಿಕೆ ಇದೆ.

ಸೋಮವಾರದ ಮಾತು ಇನ್ನೂ ಸ್ವಲ್ಪ ಉಳಿದಿದೆ. ನಾನು, ನರ್ಸಾಗಿಯೇ, "ನಿಮ್ಮ ಮಗಳು ಬರ್ತಾಳ್ರಿ" ಎಂದೆ. "ಯಾವತ್ತು?" ಎಂದು ಕೇಳಿದಿರಿ. "ಐತಾರ" ಎಂದೆ. ನೀವು ನನ್ನ ಕೈ ಹಿಡಿದು, "ಖರೇನ?" ಎಂದಿರಿ. ಖರೆ ಎಂದೆ. ಆಮೇಲೆ ನಿದ್ದೆ ಹೋದಿರಿ.

ಅದಾದ ಮೇಲೆ ಮೂರು ಭಾನುವಾರ ಕಳೆದವು. ನೀವು ಮರೆತಿದ್ದೀರಿ, ನಾನು ಮರೆತಿಲ್ಲ. ಬರುವ ಐತಾರ, 22ನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ಮನೆಗೆ ಬರುತ್ತೇನೆ. ಎಚ್ಚರವಾಗಿರಿ.

ನಿಮ್ಮ ಮಗಳು,
ಸ್ನೇಹಾ